ಉಪ್ಪಿನ ಕರೆಂಟು

ಮಾರ್ಚ್ 3
ಅಂಗಡಿಯಲ್ಲಿ ದಿನವಿಡೀ ಇನ್ವರ್ಟರ್ ಬ್ಯಾಟರಿ. ಡಿಸ್ಟಿಲ್ಡ್ ವಾಟರ್ ತುಂಬಿದೆ, ಟರ್ಮಿನಲ್ ಉಜ್ಜಿದೆ. ಕೂತಲ್ಲಿ ಕೂರಲಾರದೆ ಶಾಲೆ ಬಿಟ್ಟವನು ನಾನು; ಇಲ್ಲಿಯೂ ಅದಕ್ಕೇ ಬೈಗುಳ. ಮನೆಗೆ ಬಂದರೆ ಅಜ್ಜಿ, "ಯಾರಪ್ಪಾ ನೀನು?" ಎಂದಳು. ತಮಾಷೆ ಅಂದುಕೊಂಡೆ. ಅಲ್ಲ.

ಮಾರ್ಚ್ 4
ಅಜ್ಜಿಗೆ ಫಿಟ್ಸ್ ಬಂತು. ಆಸ್ಪತ್ರೆ. ಊಟ ಹೇಗೆ ಮಾಡ್ತಿದ್ರು ಎಂದು ಡಾಕ್ಟರಮ್ಮ ಕೇಳಿದರು.
"ಚೆನ್ನಾಗೇ. ಬಿ.ಪಿ.ಗೆ ಅಂತ ಉಪ್ಪು ಸ್ವಲ್ಪ ಕಮ್ಮಿ," ಎಂದಳು ಅಮ್ಮ.
"ಕಮ್ಮಿ ಅಲ್ಲ, ಪೂರ್ತಿ ನಿಲ್ಸಿದ್ವಿ," ಎಂದೆ. "ಸಪ್ಪೆ ಊಟ ಇಳಿಯಲ್ಲ ಅಂತ ಚೆಂಬುಗಟ್ಟಲೆ ನೀರು ಕುಡೀತಿದ್ರು."
ಅಮ್ಮ ನುಂಗುವ ಹಾಗೆ ನೋಡಿದಳು. "ಹೊರಗೆ ಬಾ, ಇದೆ ನಿಂಗೆ."
ರಕ್ತದಲ್ಲಿ ಸೋಡಿಯಂ ತೀರಾ ಇಳಿದಿದೆಯಂತೆ. ನೀರು ಸೆಲ್ಲುಗಳೊಳಗೆ ನುಗ್ಗಿ ಮಿದುಳು ಊದಿಕೊಂಡಿದೆಯಂತೆ.

ಮಾರ್ಚ್ 5
"ಸೆಲ್ಲು ಅಂದ್ರೆ ನಮ್ಮ ಅಂಗಡಿ ಕೆಲ್ಸಾನೇ. ಚಾರ್ಜರ್ ಎಲ್ಲಿರುತ್ತೆ ಮೇಡಂ?" ಎಂದೆ.
ಡಾಕ್ಟರಮ್ಮ ನಕ್ಕರು. ಆದರೂ ಕೂತು ಹೇಳಿದರು.
ನರದ ಸೆಲ್ಲಿನ ಗೋಡೆಯಲ್ಲಿ ಪಂಪುಗಳಿವೆ. ಸೋಡಿಯಂ ಹೊರಕ್ಕೆ, ಪೊಟ್ಯಾಸಿಯಂ ಒಳಕ್ಕೆ — ಹಗಲಿರುಳು ಅದೇ ದುಡಿಮೆ. ಒಳಗೆ ಮೈನಸ್, ಹೊರಗೆ ಪ್ಲಸ್. ಸಣ್ಣದೊಂದು ತಟ್ಟು ಸಾಕು, ಬಾಗಿಲು ತೆರೆದು ಸೋಡಿಯಂ ಒಳನುಗ್ಗುತ್ತದೆ. ಪ್ಲಸ್ಸು ಮೈನಸ್ಸು ಅದಲುಬದಲು. ಆ ಏರುಪೇರಿಗೆ ಪಕ್ಕದ ಬಾಗಿಲು ತೆರೆಯುತ್ತದೆ, ಆಮೇಲೆ ಅದರ ಪಕ್ಕದ್ದು... ಹಿಂದೆಯೇ ಪೊಟ್ಯಾಸಿಯಂ ಹೊರಬಿದ್ದು ಎಲ್ಲ ಮೊದಲಿನಂತೆ. ತಂತಿಯಲ್ಲಿ ಕರೆಂಟಿನ ವೋಲ್ಟೇಜು ದೂರ ಹೋದಂತೆ ಸೊರಗುತ್ತದೆ. ಇಲ್ಲಿ ಹೆಜ್ಜೆಹೆಜ್ಜೆಗೂ ಹೊಸದಾಗಿ ಹುಟ್ಟುತ್ತದೆ. ಎಂಥಾ ಕೆಲಸ! ಬಾಯಿ ಬಿಟ್ಟುಕೊಂಡು ಕೂತೆ. ಅಲುಗದೆ ಕೂತೆ — ನಾನು.
"ಹಂಗಾದ್ರೆ ಉಪ್ಪು ಸರ್ರಂತ ಏರಿಸಿಬಿಡಿ."
"ಬೇಡಪ್ಪಾ. ಬೇಗ ಏರಿಸಿದ್ರೆ ಮಿದುಳಿಗೇ ಪೆಟ್ಟು. ನಿಧಾನಕ್ಕೇ ಆಗ್ಬೇಕು."
"ನಮ್ಮನ್ನ ಗುರುತು ಹಿಡೀತಾರಾ?"
"ನಂಬಿಕೆ ಇದೆ. ಮಾತು ಕೊಡೋಕಾಗಲ್ಲ."

ಮಾರ್ಚ್ 8
ಬರೆಯುವ ಮನಸ್ಸಿರಲಿಲ್ಲ. ಅಜ್ಜಿ ಕಣ್ಣು ಬಿಡುತ್ತಾಳೆ, ನೋಟ ಮಾತ್ರ ಗೋಡೆಯ ಮೇಲೆ.
"ನನ್ನ ಕೈಯಾರೆ ಹಿಂಗಾಯ್ತಲ್ಲೋ," ಎಂದಳು ಅಮ್ಮ.
ಹೌದು ಎನ್ನಲು ಬಾಯಿ ಬರಲಿಲ್ಲ. ಅಲ್ಲ ಎಂದರೆ ಸುಳ್ಳು. "ಅವ್ರಿಗೆ ಒಳ್ಳೇದಾಗ್ಲಿ ಅಂತಾನೇ ನೀನು ಮಾಡಿದ್ದು," ಎಂದೆ. ಅದು ನಿಜ.

ಮಾರ್ಚ್ 10, ಬೆಳಿಗ್ಗೆ
ವಾರ್ಡಿನಲ್ಲಿ ಕೂತೇ ಬರೆಯುತ್ತಿದ್ದೇನೆ. ಈಗಷ್ಟೇ ಅಜ್ಜಿ ಅಮ್ಮನ ಕೈ ಹಿಡಿದು, "ಯಾಕೆ ಹಿಂಗೆ ಸೊರಗಿದೀಯ? ಉಂಡ್ಯಾ?" ಎಂದಳು. ಅಮ್ಮ ಮುಖ ಮುಚ್ಚಿಕೊಂಡಳು.
ಅಷ್ಟು ಕೇಳಲು ಅಜ್ಜಿಯ ತಲೆಯೊಳಗೆ ಎಷ್ಟು ಕೋಟಿ ಬಾಗಿಲು ತೆರೆದು ಮುಚ್ಚಿದವೋ.
ಈಗ ನನ್ನ ಕಡೆ ತಿರುಗಿದ್ದಾಳೆ. ಹುಬ್ಬು ಗಂಟಿಕ್ಕಿದೆ. ತುಟಿ ಅಲುಗುತ್ತಿದೆ. ನನ್ನ ಹೆಸರು ಹೊರಟಿದೆ, ದಾರಿಯಲ್ಲಿದೆ, ಒಂದು ಬಾಗಿಲಿಂದ ಇನ್ನೊಂದಕ್ಕೆ —