ಉತ್ತರ ಬರುವ ಮುನ್ನವೇ ಮುಚ್ಚಿದ ಕವಾಟ

ಹೊಂಬೆಳಗು, ಚಂದ್ರನ ಪೂರ್ವ ಬಯಲು
ಊರು ನೆಲೆಗೊಂಡ ಇನ್ನೂರ ಹನ್ನೆರಡನೇ ವರ್ಷ, ಆರನೇ ಹಗಲು

ನಮಗಿಂತ ಶತಮಾನಗಳ ಹಿಂದೆ ಭೂಮಿಯಲ್ಲಿ ಕೂತು, ದೂರದ ಕಂಪ್ಯೂಟರನ್ನು ತಮ್ಮ ಮೇಜಿನ ಮೇಲೆ ತೆರೆದು ನಡೆಸುವ ತಂತ್ರಾಂಶ ಬರೆಯುತ್ತಿರುವ ಹಿರಿಯರಿಗೆ ಇರಾವತಿಯ ನಮಸ್ಕಾರ.

ನಮ್ಮ ಒಂದು ಹಗಲು ನಿಮ್ಮ ಅರ್ಧ ತಿಂಗಳು, ಹಾಗಾಗಿ ಮೇಲಿನ ತಾರೀಖು ನಿಮ್ಮ ಲೆಕ್ಕಕ್ಕೆ ಸಿಗದು. ನನ್ನ ಕನ್ನಡವೂ ನಿಮಗೆ ವಿಚಿತ್ರವಾಗಿ ಕಂಡೀತು, ಕ್ಷಮಿಸಿ. ಹೇಳಹೊರಟ ವಿಷಯಕ್ಕೆ ಮಾತ್ರ ಕ್ಷಮೆ ಕೇಳುವುದಿಲ್ಲ.

ನಮ್ಮಲ್ಲಿ ಗಾಳಿಮನೆ ಎಂಬುದೊಂದಿದೆ, ಊರಿಗೆಲ್ಲ ಉಸಿರು ಹಂಚುವ ಯಂತ್ರಶಾಲೆ. ಅಲ್ಲಿಂದ ಓಣಿ ಓಣಿಗೂ ಕೊಳವೆ ಹೋಗಿದೆ. ಒಗ್ಗರಣೆ ಹಾಕುವ ಮುಂಚೆ ನಾವು ನೆರೆಯವರಿಗೆ ಹೇಳಿಬಿಡುತ್ತೇವೆ, ಒಬ್ಬರ ಮೆಣಸಿನಕಾಯಿ ಘಾಟಿಗೆ ಇಡೀ ಓಣಿ ಕೆಮ್ಮುತ್ತದೆ. ಎಲ್ಲಾದರೂ ಗೋಡೆ ಬಿರುಕು ಬಿಟ್ಟರೆ ಆ ಓಣಿಯ ಜನರನ್ನು ಪಕ್ಕದ ಓಣಿಗೆ ಕರೆತಂದು ಅಲ್ಲಿನ ಕೊಳವೆಯ ಕವಾಟ ಮುಚ್ಚಬೇಕು, ಇಲ್ಲವಾದರೆ ಊರಿನ ಗಾಳಿಯೆಲ್ಲ ಸೋರಿಹೋಗುತ್ತದೆ. ಈ ಕವಾಟಗಳನ್ನು ನಡೆಸುವವರು ಭೂಮಿಯ ಕಚೇರಿಯಲ್ಲಿ ಕೂತಿರುತ್ತಾರೆ. ಅವರು ಒತ್ತಿದ್ದು ಇಲ್ಲಿಗೆ ತಲುಪಿ, ಇಲ್ಲಿ ಆದದ್ದು ಅವರ ಪರದೆಗೆ ಮರಳಲು ಒಂದು ದೀರ್ಘ ಉಸಿರಿನಷ್ಟು ಹೊತ್ತು ಬೇಕು. ಆ ತಡದಲ್ಲಿ ಪರದೆ ಹೇಗೆ ನಡೆದುಕೊಳ್ಳುತ್ತದೆಂದು ಪರೀಕ್ಷಿಸುವುದು ನನ್ನ ಕೆಲಸವಾಗಿತ್ತು.

ಆ ಕಚೇರಿ ನಡೆಸುವ, ನನಗೂ ಸಂಬಳ ಕೊಡುತ್ತಿದ್ದ ಕಂಪನಿಯವರು ಹೊಸ ತಂತ್ರಾಂಶ ತಂದರು. ಪಕ್ಕದ ಕೋಣೆಯ ಕಂಪ್ಯೂಟರಿಗೆ ಜೋಡಿಸಿ ನೋಡಿ, ಬೆಣ್ಣೆಯಂತಿದೆ ಎಂದು ಮೆಚ್ಚಿಕೊಂಡಿದ್ದರು. ತಡವೇ ಕಾಣದು, ಒತ್ತಿದ ಕೂಡಲೇ ಕೆಲಸ ಆಯಿತೆಂದು ಪರದೆ ತೋರಿಸುತ್ತದೆ. ನನಗೆ ಅದೇ ಅನುಮಾನ. ಪರೀಕ್ಷೆಯ ದಿನ ಒಂದು ಖಾಲಿ ಓಣಿಯ ಕವಾಟದ ತಂತಿ ಬಿಚ್ಚಿಟ್ಟು, ಕೊಳವೆಯ ಬಾಯಿಗೆ ನನ್ನ ದುಪಟ್ಟಾ ಹಿಡಿದು ನಿಂತೆ. ಗಾಳಿಮನೆಯ ಮುಖ್ಯಸ್ಥೆ ಸಫೂರಾ ಆಪಾ ಪಕ್ಕದಲ್ಲಿದ್ದರು. ಭೂಮಿಯಲ್ಲಿ ಗುಂಡಿ ಒತ್ತಿದವರು ಕಂಪನಿಯ ಪ್ರಭಂಜನ ಅವರೇ. ಮುಚ್ಚಿತು ಎಂದರು. ದುಪಟ್ಟಾ ಹಾರುತ್ತಲೇ ಇತ್ತು. ಈಗ ಪರದೆ ಏನನ್ನುತ್ತದೆ ಎಂದು ಕೇಳಿದೆ. ಮುಚ್ಚಿದೆ ಎಂದರು. ಆಪಾ ತಮ್ಮ ಅಂಗೈಯನ್ನೂ ಗಾಳಿಗೆ ಒಡ್ಡಿದರು. ಮೂರನೆಯ ಸಲ ಕೇಳಿದಾಗಲೂ ಅದೇ ಉತ್ತರ.

ತಂತಿ ಬಿಚ್ಚಿದ್ದನ್ನು ಹೇಳಿದೆ. ಅವರಿಗೆ ಸಿಟ್ಟು ಬರಲಿಲ್ಲ. ಕವಾಟದಿಂದ ಮರುಸುದ್ದಿ ಬಾರದಿದ್ದರೆ ಎಚ್ಚರಿಸುವುದನ್ನು ಮುಂದೆ ಸೇರಿಸೋಣ, ಸದ್ಯಕ್ಕೆ ಒಪ್ಪಿಗೆ ಹಾಕಿ ಎಂದರು. ಕಾಯುವ ಗುರುತು ತೋರಿಸಿದರೆ ಜನ ತಂತ್ರಾಂಶ ನಿಧಾನ ಎನ್ನುತ್ತಾರಂತೆ.

"ಚಂದ್ರ ದೂರದಲ್ಲಿದ್ದಾನೆ, ಸರ್," ಎಂದೆ. "ಅದನ್ನು ಮುಚ್ಚಿಡುವ ಹಕ್ಕು ನಿಮಗಿಲ್ಲ."

ಮಾರನೆಯ ವಾರವೇ ನನ್ನನ್ನು ಕೆಲಸದಿಂದ ತೆಗೆದರು, ಹೊಸ ಪರೀಕ್ಷಕರು ಒಪ್ಪಿಗೆ ಹಾಕಿದರು. ಆ ತಂತ್ರಾಂಶ ಶುರುವಾಗಬೇಕಿದ್ದ ಹೊತ್ತಿಗೆ ಸಫೂರಾ ಆಪಾ ಭೂಮಿಯ ಸಂಪರ್ಕವನ್ನೇ ಕಿತ್ತುಹಾಕಿದರು. "ನನ್ನ ಕೈ ಕಂಡದ್ದನ್ನು ನಿಮ್ಮ ಪರದೆ ಕಾಣುವವರೆಗೆ ಈ ಕವಾಟ ಮುಟ್ಟಬೇಡಿ," ಎಂದಷ್ಟೇ ಅವರಿಗೆ ಹೇಳಿದರು. ಕಂಪನಿ ಬಿಡಿಭಾಗ ಕಳಿಸುವುದನ್ನು ನಿಲ್ಲಿಸಿತು. ನಾವು ಬಗ್ಗಲಿಲ್ಲ. ಪಾಳಿ ಹಾಕಿಕೊಂಡು ಕವಾಟಗಳ ಚಕ್ರಗಳನ್ನು ಕೈಯಲ್ಲೇ ತಿರುಗಿಸಿದೆವು. ತೋಳು ಬಾತುಕೊಂಡಿದ್ದವು, ಬೈದುಕೊಂಡೇ ತಿರುಗಿಸಿದೆವು. ನಾನೂ ಅವರ ಜೊತೆಗಿದ್ದೆ, ಮನಸ್ಸು ಹಗುರವಾಗಿತ್ತು.

ಕೊನೆಗೆ ಕಂಪನಿಯನ್ನು ಮಣಿಸಿದವರು ಭೂಮಿಯಲ್ಲಿ ಆ ಪರದೆಯ ಮುಂದೆ ಕೂರುವ ನೌಕರರು. ವಿಷಯ ತಿಳಿದ ಮೇಲೆ ಅವರು ಕುರ್ಚಿ ಬಿಟ್ಟೆದ್ದರು, ಸುಳ್ಳು ನೋಡಿಕೊಂಡು ಜನರ ಉಸಿರು ಕಾಯುವುದು ನಮ್ಮಿಂದಾಗದು ಎಂದರು. ಈಗ ಉತ್ತರ ಮರಳುವತನಕ ಗುಂಡಿ ಬೂದು ಬಣ್ಣದಲ್ಲಿರುತ್ತದೆ, ಕೆಳಗೆ 'ಕಾಯುತ್ತಿದೆ' ಎಂದು ಬರುತ್ತದೆ. ನೋಡುವವರಿಗೆ ಬೇಸರವೇ. ಇರಲಿ.

ಹಿರಿಯರೇ, ಆ ಚುರುಕು ಪರದೆಯ ತಂತ್ರಾಂಶದ ಮೊದಲ ಸಾಲುಗಳನ್ನು ಬರೆದದ್ದು ನಿಮ್ಮ ಕಾಲದಲ್ಲೇ. ನೀವು ಬರೆದದ್ದನ್ನು ಅತಿ ದೂರದ, ಅತಿ ಕೆಟ್ಟ ಸಂಪರ್ಕದಲ್ಲಿ ಪರೀಕ್ಷಿಸಿ. ಕವಾಟದ ಪಕ್ಕ ಒಬ್ಬರನ್ನು ನಿಲ್ಲಿಸಿ, ಅವರ ಮಾತು ನಂಬಿ. ಒಪ್ಪಿಗೆ ಹಾಕೆಂದು ಯಾರಾದರೂ ಒತ್ತಾಯಿಸಿದರೆ ಹಾಕಬೇಡಿ. ಕೆಲಸ ಹೋದರೆ ಹೋಗಲಿ. ನನ್ನದೂ ಹೋಯಿತು, ಊರು ಉಳಿಯಿತು.