ರೀಲ್ ಇಲ್ಲದ ಕ್ಯಾಮೆರಾ

ನನ್ನ ಉಸ್ತಾದರೇ,

ನಿಮಗೆ ಹೇಳಿದ ಒಂದು ಸುಳ್ಳನ್ನು ಇವತ್ತು ಒಪ್ಪಿಕೊಳ್ಳಬೇಕಾಗಿದೆ. ಬೈಯುವುದಿದ್ದರೆ ಪೂರ್ತಿ ಓದಿ ಬೈಯಿರಿ. ಅರ್ಧ ಕೇಳಿ ಕೂಗಾಡುವ ನಿಮ್ಮ ಚಾಳಿ ನನಗೆ ಗೊತ್ತಿಲ್ಲವೇ?

ಹುಮನಾಬಾದಿನ ನಿಮ್ಮ ಸ್ಟುಡಿಯೋಕ್ಕೆ ನಾನು ಕೆಲಸ ಕಲಿಯಲು ಬಂದ ಮೊದಲ ದಿನ ನೆನಪಿದೆಯೇ? ಮಂಠಾಳದ ಮುದುಕಿಯೊಬ್ಬಳು ಸ್ಟೂಲಿನ ಮೇಲೆ ಉಸಿರು ಬಿಗಿಹಿಡಿದು ಕೂತಿದ್ದಳು. ನಿಮ್ಮ ಹತ್ತಿರ ಎರಡು ಕ್ಯಾಮೆರಾ. ಮೊದಲನೆಯದರಲ್ಲಿ ರೀಲೇ ಇರುತ್ತಿರಲಿಲ್ಲ. ಅದನ್ನು ಒತ್ತಿ, "ಆತು ಯಮ್ಮಾ, ಏಳ್ರಿ" ಅಂದಿರಿ. ಅವಳು "ಆತಾ? ಇಷ್ಟಾನಾ?" ಎಂದು ಉಸಿರು ಬಿಟ್ಟು ನಕ್ಕಳು. ಅಷ್ಟರಲ್ಲಿ ಎರಡನೆಯ ಕ್ಯಾಮೆರಾ ನಿಮ್ಮ ಕಣ್ಣಿಗೆ ಬಂದು ಕ್ಲಿಕ್ ಆಗಿತ್ತು. "ಮುಗೀತು ಅಂದಮ್ಯಾಲೇ ಮಂದಿಗೆ ತಮ್ಮ ಖರೇ ಮಾರಿ ಬರ್ತದ ನೋಡು, ಮಲ್ಲು" ಎಂದಿರಿ. ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದೆ.

ನಾನು ಕೆಲಸ ಕಲಿತ ಮೇಲಿನ ಆ ಒಂದು ಮಧ್ಯಾಹ್ನ. ಗಿರಾಕಿ ಇರಲಿಲ್ಲ. ಊರಿಗೆಲ್ಲ ಫೋಟೋ ತೆಗೆದ ನಿಮ್ಮದು ಒಂದೂ ಇರಲಿಲ್ಲ. "ಎಷ್ಟ್ ಕಲ್ತೀದಿ ನೋಡೂಣು, ನಂದೂ ಒಂದು ತೆಗಿ" ಎಂದು ನೀವೇ ಸ್ಟೂಲಿನ ಮೇಲೆ ಕೂತಿರಿ. ನಾನು ಖಾಲಿ ಕ್ಯಾಮೆರಾ ಒತ್ತಿ "ಆತ್ರಿ" ಅಂದೆ. ನಿಮ್ಮ ಗುಟ್ಟನ್ನು ನಿಮ್ಮ ಮೇಲೆಯೇ ಪ್ರಯೋಗಿಸಿದ್ದಕ್ಕೆ ನೀವು ನಕ್ಕಿರಲ್ಲ... ಅಬ್ಬಾ, ಅದೆಂಥ ನಗು! ನೋಡುತ್ತ ನೋಡುತ್ತ ಕ್ಯಾಮೆರಾ ಬದಲಿಸುವುದನ್ನೇ ಮರೆತೆ. ಖಾಲಿಯದನ್ನೇ ಮತ್ತೆ ಒತ್ತಿದೆ. ವಾರ ಬಿಟ್ಟು ನೀವು ಕೇಳಿದಾಗ, "ರೀಲ್ ತೊಳಿಯೂ ಮುಂದ ಕೆಟ್ಟು ಹೋತ್ರಿ" ಎಂದೆ. "ಹೋಗ್ಲಿ ಬಿಡು" ಅಂದಿರಿ. ಮತ್ತೆಂದೂ ಕೂರಲಿಲ್ಲ. ಅದೇ ನನ್ನ ಸುಳ್ಳು.

ಈಗ ಬಸವಕಲ್ಯಾಣದಲ್ಲಿ ನನ್ನದೇ ಅಂಗಡಿಯಿದೆ. ಒಂದು ಮದುವೆಗೆ ಡ್ರೋನ್ ಸೇರಿ ನಾಲ್ಕು ಕ್ಯಾಮೆರಾ ಒಯ್ಯುತ್ತೇನೆ. ಉಣ್ಣುವವರಿಗೂ ಫೋಟೋ, ಕೈ ತೊಳೆಯುವವರಿಗೂ ಫೋಟೋ. ಎಲ್ಲ ನೋಡಿದ ಮೇಲೆ ಹುಡುಗಿಯ ಅವ್ವ, "ನಮ್ಮ ಹುಡುಗಿ ಹಿಂಗ ಕಾಣಂಗಿಲ್ಲಲ್ರಿ" ಅನ್ನುತ್ತಾಳೆ.

ನೀವು ತೀರಿಕೊಂಡ ಮೇಲೆ ಒಂಟಿಯಾದ ನಿಮ್ಮ ಮನೆಯಾಕೆ, ಚಾಚಿ, ಹೋದ ತಿಂಗಳು ಫೋನ್ ಮಾಡಿದರು. "ಬೇಟಾ, ಅವರ ಮಾರಿ ನನಗ ಮಸುಕಾಗಾಕತ್ತದ. ಕಣ್ಣು ಮುಚ್ಚಿದ್ರ ಬರವಲ್ದು. ಎಲ್ಲ್ಯಾರ ಒಂದು ಫೋಟೋ ಹುಡುಕಿ ಕೊಡು" ಎಂದರು. ನಿಮ್ಮ ಮಗಳು ಶಾಹೀನ್ ಆಧಾರ್ ಕಾರ್ಡಿನ ಮಸುಕು ಚಿತ್ರವನ್ನು ಮೊಬೈಲಿನ ಎಐ ಆ್ಯಪಿಗೆ ಕೊಟ್ಟು ಹೊಸ ಮುಖ ಮಾಡಿಸಿದ್ದಳು. ನುಣ್ಣನೆಯ ಗಲ್ಲ, ಹೊಳೆಯುವ ಕಣ್ಣು. ಚಾಚಿ ಅದನ್ನು ಬಹಳ ಹೊತ್ತು ನೋಡಿ, "ಛಂದ ಅದ. ಇವ್ರು ಯಾರ ಮನಿಯಾವ್ರು?" ಎಂದು ಕೇಳಿದರಂತೆ.

ಹುಮನಾಬಾದಿಗೆ ಹೋಗಿ ಚಾಚಿಯ ಮುಂದೆ ತಪ್ಪು ಒಪ್ಪಿಕೊಂಡೆ. ಅವರು ಗಿರಾಕಿಗಳು ಒಯ್ಯದೆ ಬಿಟ್ಟ ಫೋಟೋಗಳ ನಿಮ್ಮ ಟ್ರಂಕು ತೆಗೆಸಿ, ಒಂದೊಂದೇ ಎತ್ತಿ ನೋಡತೊಡಗಿದರು. ಗೋರ್ಟಾದ ರೈತ, ಮಾಣಿಕನಗರದ ಬಳೆ ಅಂಗಡಿಯವಳು, ಯಾರದೋ ಮದುಮಗಳು. ಆಮೇಲೆ ಚಾಚಿ ಅಂದರು: "ಎಲ್ಲಾರೂ ಒಂದೇ ನಮೂನಿ ನಗಾಕತ್ತಾರಲ್ಲೋ. ಎದುರಿಗಿ ನಿಂತಾವ್ರು ನಿನ್ನ ಉಸ್ತಾದ್ರೇ ಅಲ್ಲಾ?"

ನಾನು ವರ್ಷಗಟ್ಟಲೆ ತೊಳೆದು ಒಣಗಿಸಿದ ಫೋಟೋಗಳು ಅವು. ಎಲ್ಲರೂ ನಿಮ್ಮನ್ನೇ ನೋಡುತ್ತಿದ್ದಾರೆಂದು ನನಗೊಮ್ಮೆಯೂ ಹೊಳೆದಿರಲಿಲ್ಲ!

ಇನ್ನು ನಿಮಗೆ ಗೊತ್ತಿಲ್ಲದ ಸುದ್ದಿ. ನೀವು ಎಷ್ಟು ಗೋಗರೆದರೂ ಫೋಟೋಕ್ಕೆ ಕೂರದ ಚಾಚಿ, ಆವತ್ತು ತಾವಾಗಿಯೇ ನಿಮ್ಮ ಸ್ಟೂಲ್ ಎಳೆದು ಕೂತರು. "ಹೊಡಿ. ಅವರು ಹ್ಯಾಂಗ ಹೊಡಿತಿದ್ರು, ಹಂಗ." ನಾನು ಮೊದಲು ನಿಮ್ಮ ಹಳೆಯ ಖಾಲಿ ಕ್ಯಾಮೆರಾ ಎತ್ತಿ ಒತ್ತಿದೆ. "ಆತ್ರಿ ಚಾಚಿ."

"ಆತಾ? ಇಷ್ಟಕ್ಕ ನಾ ಜಲ್ಮೆಲ್ಲಾ ಅವರಿಗೆ ಒಲ್ಲೆ ಅಂದೆನಾ?" ಎಂದು ನಗುತ್ತ ಕಣ್ಣು ತುಂಬಿಕೊಂಡರು. ಕೊರಳಲ್ಲಿದ್ದ ಹೊಸ ಕ್ಯಾಮೆರಾ ನನ್ನ ಕಣ್ಣಿಗೆ ಬರುವಷ್ಟರಲ್ಲಿ ಆ ಮುಖ ದಾಟಿ ಹೋಗಿತ್ತು. ಫೋಟೋ ಚೆನ್ನಾಗಿಯೇ ಬಂದಿದೆ, ಶಾಹೀನ್ ಫ್ರೇಮ್ ಹಾಕಿಸಿದ್ದಾಳೆ. ಆದರೆ ನಾನು ಕಂಡದ್ದು ಅದರಲ್ಲಿಲ್ಲ. ಎರಡು ಕ್ಯಾಮೆರಾಗಳ ನಡುವೆ ಇಂಥ ಎಷ್ಟು ಮುಖಗಳನ್ನು ನೀವು ಕಂಡಿರಬೇಕು! ಅದಕ್ಕೇ ಏನು, ಫೋಟೋ ಕೆಟ್ಟಿತೆಂದಾಗ ನೀವು ಅಷ್ಟು ಸುಲಭವಾಗಿ "ಹೋಗ್ಲಿ ಬಿಡು" ಅಂದದ್ದು?

ಸ್ಟೂಲಿನಿಂದ ಏಳುತ್ತ ಚಾಚಿ ನನ್ನ ಕೈ ಹಿಡಿದರು. "ಬಂತು ಬೇಟಾ, ನೀ 'ಆತ್ರಿ' ಅಂದಕೂಡ್ಲೇ ಅವರ ಮಾರಿ ನೆನಪಿಗಿ ಬಂತು" ಎಂದರು. ನಾನು ಏನನ್ನೂ ತೋರಿಸಿರಲಿಲ್ಲ ಉಸ್ತಾದ್. ಖಾಲಿ ಕ್ಯಾಮೆರಾ ಒತ್ತಿದ್ದೆ, ಅಷ್ಟೇ.

ನಿಮ್ಮ
ಮಲ್ಲು