ಮಿಜುಹೊ ಅಜ್ಜಿಯ ಮೊಣಕೈ

ದಾವಣಗೆರೆ
ಕ್ರಿ.ಶ. ೨೧೬೮, ಎರಡನೇ ಬೇಸಿಗೆಯ ಹನ್ನೊಂದನೇ ದಿನ, ಬೆಳಿಗ್ಗೆ ಐದೂವರೆ

ಪೂಜ್ಯ ಮಿಜುಹೊ ಅಜ್ಜಿಯವರಿಗೆ,

ನಿಮ್ಮ ವಂಶದ ಐದನೇ ತಲೆಮಾರಿನವಳಾದ ಗೌರಕ್ಕನ ನಮಸ್ಕಾರ. ಈ ಕಾಗದ ಕೈಗೆ ಬಂದ ದಿನ ನಿಮಗಿನ್ನೂ ಇಪ್ಪತ್ತಾರು ವರ್ಷ, ಮದುವೆಯೂ ಆಗಿರುವುದಿಲ್ಲ. ಅಜ್ಜಿ ಎಂದರೆ ಸಿಟ್ಟು ಬಂದೀತು. ಬರಲಿ, ನನಗೂ ಬಂದಿದೆ. ನಿಮಗೆ ಕನ್ನಡದ ಒಂದಕ್ಷರವೂ ಬಾರದೆಂದು ಗೊತ್ತು. ಹತ್ತು ವರ್ಷ ಜೋಪಾನವಾಗಿ ಇಟ್ಟುಕೊಳ್ಳಿ, ಆಮೇಲೆ ನೀವೇ ಓದಿಕೊಳ್ಳುವಿರಿ. ಆಗಲೂ ಕೆಲವು ಮಾತು ವಿಚಿತ್ರವೆನಿಸಿದರೆ ಮನ್ನಿಸಬೇಕು. ಜಪಾನಿಯಲ್ಲೇ ಬರೆಯೋಣವೆಂದರೆ ನನಗೆ ಬರುವುದು ಎರಡೇ ಮಾತು, ಎರಡೂ ಭಾರ ಎತ್ತುವಾಗ ಕೂಗುವಂಥವು.

ಇದು ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆ ಎಂದರೆ ಕಳೆದ ಕಾಲಕ್ಕೆ ಕಾಗದ ಒಯ್ಯುವ ಅಂಚೆ. ಒಬ್ಬರಿಗೆ ಜನ್ಮಕ್ಕೊಂದೇ ಕಾಗದ. ಯಾವ ಸಂಗತಿಯ ಬಗ್ಗೆ ಬರೆದಿದೆಯೋ ಅದು ನಡೆದುಹೋದ ಮರುದಿನವೇ ತಲುಪುತ್ತದೆ, ಒಂದು ಗಳಿಗೆಯೂ ಮುಂಚೆ ತಲುಪುವುದಿಲ್ಲ. ಹಾಗಾಗಿ ನಿಮ್ಮನ್ನು ತಡೆಯುವುದು ನನ್ನಿಂದಾಗದು. ಓಣಿಯವರೆಲ್ಲ ತೀರಿಹೋದ ತಾಯಿಗೆ ನಾಲ್ಕು ಪ್ರೀತಿಯ ಮಾತು ಬರೆಯಲು ಇದನ್ನು ಬಳಸುತ್ತಾರೆ. ನಾನು ಬೈಯಲು ಬಳಸುತ್ತಿದ್ದೇನೆ.

ನಮ್ಮ ಕಾಲದಲ್ಲಿ ವರ್ಷಕ್ಕೆ ಎರಡು ಬೇಸಿಗೆ. ಎರಡನೆಯದರಲ್ಲಿ ಬೆಳಿಗ್ಗೆ ಒಂಬತ್ತರ ಮೇಲೆ ಯಾರೂ ಹೊರಗೆ ಕಾಲಿಡುವುದಿಲ್ಲ, ಆದ್ದರಿಂದ ಶಾಲೆ, ಸಂತೆ, ಮದುವೆ ಎಲ್ಲವೂ ಅಷ್ಟರೊಳಗೆ ಮುಗಿಯಬೇಕು. ನೀವು ಮುಂದೆ ಕಟ್ಟಲಿರುವ ಹೆಣ್ಣುಮಕ್ಕಳ ಗರಡಿ ಈಗ ನೆಲದಡಿಗೆ ಇಳಿದಿದೆ, ಇಪ್ಪತ್ತೆರಡು ಮೆಟ್ಟಿಲು. ನೆಲಗರಡಿ ಎನ್ನುತ್ತೇವೆ. ಗೋಡೆಗೆ ಒದ್ದೆ ಗೋಣಿ ಹೊದಿಸಿ, ದಿನಕ್ಕೆರಡು ಸಲ ನೀರು ಚಿಮುಕಿಸುತ್ತೇವೆ. ಬೆಣ್ಣೆ ದೋಸೆ ಇನ್ನೂ ಇದೆ, ಬೆಣ್ಣೆ ಮಾತ್ರ ಹಸುವಿನದಲ್ಲ. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಗೆ ಯಾವ ಕಾಲವೂ ಏನೂ ಮಾಡಲಾಗಿಲ್ಲ. ಗರಡಿಯ ಬಾಗಿಲ ಎದುರು ನಿಮ್ಮ ದೊಡ್ಡ ಫೋಟೊ ಇದೆ. ಭಾರ ಎತ್ತಿ ಸೋತ ಮೇಲೆ ಮೂವರು ತೀರ್ಪುಗಾರರ ಕಡೆ ನೀವು ಸೊಂಟ ಬಗ್ಗಿಸಿ ವಂದಿಸುತ್ತಿರುವ ಫೋಟೊ. ಹುಡುಗಿಯರು ಅದಕ್ಕೆ ಕೈಮುಗಿದು ಭಾರ ಎತ್ತುವ ಬಾರ್ ಮುಟ್ಟುತ್ತಾರೆ. ನನಗೆ ಆ ಫೋಟೊ ಕಂಡರೆ ಮೈ ಉರಿಯುತ್ತದೆ.

ನೀಗಾತಾದ ಮೀನಂಗಡಿಯವರ ಮಗಳು ನೀವು. ಹದಿಮೂರಕ್ಕೆ ಬಾರ್ ಹಿಡಿದಿರಿ, ಹತ್ತೊಂಬತ್ತಕ್ಕೆ ರಾಷ್ಟ್ರೀಯ ಪದಕ, ಇಪ್ಪತ್ತೈದರೊಳಗೆ ಮೂರು ಸಲ ದೇಶಕ್ಕೇ ಮೊದಲು. ಹುಟ್ಟಿನಿಂದಲೇ ನಿಮ್ಮ ಎಡ ಮೊಣಕೈ ಪೂರ್ತಿ ನೆಟ್ಟಗಾಗುವುದಿಲ್ಲ. ಭಾರ ತಲೆಯ ಮೇಲಿರುವಾಗ ಕೈ ನೆಟ್ಟಗಿರದಿದ್ದರೆ ಎತ್ತಿದ್ದು ಲೆಕ್ಕಕ್ಕಿಲ್ಲ. ನಿಮ್ಮ ದೇಶದ ತೀರ್ಪುಗಾರರಿಗೆಲ್ಲ ನಿಮ್ಮ ಮೊಣಕೈ ಗೊತ್ತಿತ್ತು, ಯಾರೂ ಕೇಳುತ್ತಿರಲಿಲ್ಲ. ಆದರೆ ನಿನ್ನೆ, ಅಂದರೆ ನಿಮ್ಮ ನಿನ್ನೆ, ಏಷ್ಯಾ ಮಟ್ಟದ ಸ್ಪರ್ಧೆಯಲ್ಲಿ ಕುಳಿತಿದ್ದವರು ಹೊರದೇಶದವರು. ಕೈ ನೆಟ್ಟಗಾಗದವರು ಸ್ಪರ್ಧೆಗೆ ಮುಂಚೆ ಮೇಜಿನ ಬಳಿ ಹೋಗಿ ಮೊಣಕೈ ತೋರಿಸಿದರೆ ಸಾಕು, ಅದನ್ನು ತಪ್ಪೆಂದು ಹಿಡಿಯುವುದಿಲ್ಲ. ನಿಯಮವೇ ಹಾಗಿದೆ. ಹತ್ತು ಹೆಜ್ಜೆಯ ದಾರಿ. ನೀವು ಹೋಗಲಿಲ್ಲ. ಮೊದಲೇ ಹೇಳಿಕೊಳ್ಳುವುದು ದಯೆ ಬೇಡಿದಂತೆ, ನಾಲ್ಕು ಜನಕ್ಕೆ ತೊಂದರೆ ಕೊಟ್ಟಂತೆ ಎಂದುಕೊಂಡಿರಿ. ಎಂಬತ್ತೆಂಟು ಕಿಲೋವನ್ನು ಮೂರು ಸಲವೂ ಒಂದೇ ಸೆಳೆತಕ್ಕೆ ತಲೆಯ ಮೇಲೆತ್ತಿ ನಿಂತಿರಿ. ಮೂರು ಸಲವೂ ಕೆಂಪು ದೀಪ, ಎತ್ತಿದ್ದು ತಪ್ಪೆಂದು. ಆಮೇಲೆ ಬಗ್ಗಿ ವಂದಿಸಿದಿರಿ. ಯಾರಿಗೆ, ಯಾತಕ್ಕೆ?

ಮುಂದಿನದು ನನಗೆ ಗೊತ್ತಿದೆ, ಕೇಳಿ. ನಿಮ್ಮನ್ನು ಮತ್ತೆ ತಂಡಕ್ಕೆ ಕರೆಯುವುದಿಲ್ಲ. ಎರಡು ವರ್ಷ ಮೀನಂಗಡಿಯಲ್ಲಿ ಕೂತು, ಯಾರೋ ಕರೆದರೆಂದು ತರಬೇತಿ ಕೊಡಲು ಇಲ್ಲಿಗೆ ಬರುತ್ತೀರಿ. ನಮ್ಮ ಮುರಿಗೆಪ್ಪಜ್ಜನನ್ನು ಮದುವೆಯಾಗುತ್ತೀರಿ. ಆ ಸೋಲಿನ ಕಥೆಯನ್ನು ಮಕ್ಕಳಿಗೆ ಎಷ್ಟು ಚೆನ್ನಾಗಿ ಹೇಳುತ್ತೀರೆಂದರೆ ಅದು ಗೆಲುವಿಗಿಂತ ದೊಡ್ಡದಾಗಿಬಿಡುತ್ತದೆ. "ನಮ್ಮ ಮನೆ ಹೆಣ್ಮಕ್ಳು ನೆಪ ಹೇಳಲ್ಲ" ಎಂದು ನಮ್ಮವ್ವ ನನಗೆ ತಟ್ಟೆಗೆ ಅನ್ನ ಹಾಕುತ್ತಾ ಹೇಳುತ್ತಿದ್ದಳು. ನಾನೂ, ದಡ್ಡಿ, ನನ್ನ ಮಗಳಿಗೆ ಅದನ್ನೇ ಹೇಳಿ ಬೆಳೆಸಿದೆ.

ಅವಳ ಹೆಸರು ಬಿಲ್ವಾ, ಹತ್ತೊಂಬತ್ತು ವರ್ಷ. ನಿಮ್ಮ ಮೊಣಕೈ ನನ್ನನ್ನು ಬಿಟ್ಟು ಅವಳಿಗೆ ಬಂದಿದೆ. ಇವತ್ತು ಏಳು ಗಂಟೆಗೆ, ನಾನು ಕೂತು ಬರೆಯುತ್ತಿರುವ ಇದೇ ನೆಲಗರಡಿಯಲ್ಲಿ ದೇಶದ ತಂಡದ ಆಯ್ಕೆ. ತೀರ್ಪುಗಾರರು ಹೊರಗಿನವರು. ನಾನೇ ಅವಳ ತರಬೇತುದಾರಳು. ಮೊಣಕೈ ತೋರಿಸಿ ಬಾ ಎಂದರೆ, "ಮಿಜುಹೊ ಅಜ್ಜಿ ತೋರಿಸಿದ್ಲೇನು? ನೀನೂ ಬಾಯಿ ಬಿಡಬಾರ್ದು ಅವ್ವಾ, ಆಣೆ ಮಾಡು" ಎಂದಳು. ಮಾಡಿದೆ.

ಹೋದ ತಿಂಗಳು ನಿಮ್ಮ ಟ್ರಂಕಿನ ತಳದಲ್ಲಿ ಒಂದು ಕಾಗದ ಸಿಕ್ಕಿತು. ನಿಮ್ಮ ಗುರು ತ್ಸುಕುದಾ ಅವರು ಸಾಯುವ ಮುಂಚೆ ಬರೆದದ್ದು. ಜಪಾನಿ ಬಲ್ಲವರಿಂದ ಕನ್ನಡಕ್ಕೆ ಬರೆಸಿಕೊಂಡು ಓದಿದೆ. ಅವರೂ ಮೇಜಿನ ಬಳಿ ಹೋಗಬಹುದಿತ್ತಂತೆ. ಸುಮ್ಮನಿರಿ ಎಂದು ನೀವು ಬೇಡಿಕೊಂಡಿದ್ದರಿಂದ ಸುಮ್ಮನಿದ್ದರಂತೆ. "ನಿನ್ನ ಮಾತು ಉಳಿಸಿ ನಿನ್ನನ್ನು ಕಳೆದುಕೊಂಡೆ" ಎಂದು ಬರೆದಿದ್ದಾರೆ. ಅದರ ಕೆಳಗೆ ನಿಮ್ಮ ಕೈಬರಹದಲ್ಲಿ, ಕನ್ನಡದಲ್ಲಿ, ಒಂದೇ ಮಾತು: ಹೇಳಬೇಕಿತ್ತು. ಅಷ್ಟು ಗೊತ್ತಿದ್ದೂ ಟ್ರಂಕಿನಲ್ಲಿಟ್ಟು ಬೀಗ ಹಾಕಿದಿರಲ್ಲ ಅಜ್ಜಿ, ನಿಮ್ಮ ಬಾಯಿಗೆ ಏನಾಗಿತ್ತು? ಐದು ತಲೆಮಾರಿನ ಮಕ್ಕಳಿಗೆ ಫೋಟೊ ಕೊಟ್ಟಿರಿ, ಈ ಒಂದು ಮಾತು ಕೊಡಲಿಲ್ಲ.

ನಿನ್ನೆ ಅದನ್ನೂ ಕನ್ನಡದ ಪ್ರತಿಯನ್ನೂ ಬಿಲ್ವಾಗೆ ತೋರಿಸಿದೆ. ಎರಡು ಸಲ ಓದಿದಳು. "ಆದ್ರೂ ಹೇಳ್ಲಿಲ್ವಲ್ಲ" ಎಂದು ಕೈಗೆ ಬಟ್ಟೆ ಸುತ್ತಿಕೊಳ್ಳತೊಡಗಿದಳು. ಥೇಟ್ ನೀವೇ.

ಈಗ ತೀರ್ಪುಗಾರರು ಮೂವರೂ ಬಂದು ಮೇಜಿನ ಮುಂದೆ ಕೂತರು. ಬಿಲ್ವಾ ಆ ಮೂಲೆಯಿಂದ ನನ್ನನ್ನೇ ನೋಡುತ್ತಿದ್ದಾಳೆ, ನಾನು ಏಳುತ್ತೇನೇನೋ ಎಂದು. ಎದ್ದರೆ ಎಷ್ಟು ದಿನ ಮಾತು ಬಿಡುತ್ತಾಳೋ ತಿಳಿಯದು, ನಿಮ್ಮ ರಕ್ತ. ತ್ಸುಕುದಾ ಅವರಂಥ ಒಳ್ಳೆಯವಳು ನಾನಲ್ಲ. ಆಣೆ ಮುರಿದವಳೆಂದು ಅವಳು ತನ್ನ ಮಕ್ಕಳಿಗೆ ನನ್ನ ಕಥೆ ಹೇಳಲಿ, ಅವರ ಮಕ್ಕಳೂ ನನ್ನನ್ನು ಬೈಯಲಿ. ಇಲ್ಲಿಗೆ ನಿಲ್ಲಿಸುತ್ತೇನೆ, ಏಳಬೇಕು.

ಇಂತಿ ನಿಮ್ಮ ಮೇಲಿನ ಸಿಟ್ಟು ಇಳಿಯದ,
ಗೌರಕ್ಕ